ಶಾಲೆಯಿಂದ ಮಗು ಜಾರಿಹೋಗುವ ಮುನ್ನ: ಕುಷ್ಟಗಿ ಕಡೆಯ ಒಬ್ಬ ಶಿಕ್ಷಕಿಯ ಮಾರ್ಗದರ್ಶಿ

ಶಾಲೆ ಬಿಡುವ ಮಗು ಒಂದೇ ದಿನಕ್ಕೆ ಬಿಡುವುದಿಲ್ಲ. ಮೊದಲು ಸಂತೆಯ ದಿನ ತಪ್ಪಿಸುತ್ತದೆ. ಆಮೇಲೆ ಸೋಮವಾರವೂ ಬರುವುದಿಲ್ಲ. ಆಮೇಲೆ ಪ್ರಾರ್ಥನೆಗೆ ಬರದೆ ಬಿಸಿಯೂಟದ ಹೊತ್ತಿಗೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತದೆ. ಕೊನೆಗೆ ಒಂದು ದಿನ ಅದರ ಚೀಲ ಮನೆಯ ಗೂಟಕ್ಕೆ ತೂಗುತ್ತಿರುತ್ತದೆ, ಮಗು ಹತ್ತಿ ಹೊಲದಲ್ಲಿರುತ್ತದೆ. ಇಷ್ಟಾಗಲು ಒಂದೂವರೆ ತಿಂಗಳಾದರೂ ಹಿಡಿಯುತ್ತದೆ. ಅಷ್ಟು ದಿನ ನಮಗೆ ಅವಕಾಶವಿದೆ.

ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮಲ್ಲಿ ಕೋಣೆ ಕಡಿಮೆ, ಶಿಕ್ಷಕರು ಕಡಿಮೆ, ಎರಡು ಮೂರು ತರಗತಿ ಒಟ್ಟಿಗೆ ಕೂರುತ್ತವೆ. ರಾಯಚೂರಿನ ಲಿಂಗಸುಗೂರು, ದೇವದುರ್ಗ ಕಡೆಯಾಗಲಿ, ಬಳ್ಳಾರಿಯ ಹಳ್ಳಿಗಳಾಗಲಿ, ಸ್ಥಿತಿ ಹೆಚ್ಚು ಕಡಿಮೆ ಇದೇ ಅಲ್ವಾ? ಇಂಥ ಶಾಲೆಯಲ್ಲಿ ದುಡ್ಡು ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸಗಳನ್ನು ಇಲ್ಲಿ ಬರೆದಿದ್ದೇನೆ. ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ, ಊರಿನ ಓದಿದ ಹುಡುಗ ಹುಡುಗಿಯರಿಗೆ ಇದು ಉಪಯೋಗಕ್ಕೆ ಬರಲಿ. ಎಲ್ಲದರ ಹಿಂದೆ ಇರುವ ಮಾತು ಒಂದೇ: ಜಾರುತ್ತಿರುವ ಪ್ರತಿ ಮಗುವಿನ ಮೇಲೆ ಒಬ್ಬರ ಕಣ್ಣಿರಬೇಕು. "ಎಲ್ಲರೂ ನೋಡ್ಕೋತಾರೆ" ಎಂದು ಬಿಟ್ಟ ಮಗುವನ್ನು ಯಾರೂ ನೋಡಿಕೊಳ್ಳುವುದಿಲ್ಲ.

ಮೊದಲ ಹೆಜ್ಜೆ: ಒಂದು ನೋಟ್‌ಬುಕ್

ಹಾಜರಿ ಪುಸ್ತಕ ಇಲಾಖೆಯದು. ಇದು ನಿಮ್ಮದು. ಇನ್ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಪ್ರತಿ ಶನಿವಾರ ಹದಿನೈದು ನಿಮಿಷ ಕೂತು, ಆ ವಾರ ಎರಡು ದಿನಕ್ಕಿಂತ ಜಾಸ್ತಿ ತಪ್ಪಿಸಿದ, ಇಲ್ಲವೇ ಪ್ರತಿ ವಾರ ಅದೇ ಒಂದು ದಿನ ತಪ್ಪಿಸುವ ಮಕ್ಕಳ ಹೆಸರು ಬರೆಯಿರಿ. ಪಕ್ಕದಲ್ಲಿ ಯಾವ ಯಾವ ದಿನ ತಪ್ಪಿಸಿತು ಎಂದು ಬರೆಯಿರಿ. ಕಾರಣ ಅಲ್ಲೇ ಇರುತ್ತದೆ. ಸಂತೆಯ ದಿನ ಮಾತ್ರ ಬರದ ಮಗುವಿನ ತಾಯಿ ಸಂತೆಗೆ ಹೋಗಿರುತ್ತಾಳೆ, ಮಗು ಕೂಸು ನೋಡಿಕೊಳ್ಳುತ್ತಿರುತ್ತದೆ. ಸಾಲಾಗಿ ನಾಲ್ಕು ದಿನ ಬರದೆ ಐದನೇ ದಿನ ಬಂದ ಮಗುವಿನ ಬೆರಳು ನೋಡಿ. ಹತ್ತಿ ಬಿಡಿಸಿದ ಬೆರಳ ತುದಿಯಲ್ಲಿ ಕಾಯಿಯ ಸಿಪ್ಪೆ ಗೀರಿದ ಸಣ್ಣ ಸಣ್ಣ ಗಾಯ ಇರುತ್ತವೆ. ಮೆಣಸಿನಕಾಯಿ ಬಿಡಿಸಿದ ಮಗು ಕಣ್ಣು ಉಜ್ಜಿಕೊಳ್ಳಲು ಹೆದರುತ್ತದೆ.

ಬಂದ ಮಕ್ಕಳಲ್ಲೂ ಗಮನಿಸಬೇಕಾದವು ಇವೆ. ಮೊದಲು ಮಾತಾಡುತ್ತಿದ್ದ ಮಗು ಸುಮ್ಮನಾಗಿದ್ದರೆ, ಬೆಳಗ್ಗೆಯೇ ತಲೆ ಹಾಕಿ ಮಲಗಿದರೆ, ಹಲಗೆ ಬಿಟ್ಟು ಪಕ್ಕದವರ ಪುಸ್ತಕ ನೋಡಿ ಬರೆದುಕೊಂಡರೆ, ಮನೆಗೆ ಹೋಗಲು ತಡ ಮಾಡಿದರೆ, ಅವರ ಹೆಸರನ್ನೂ ಬರೆಯಿರಿ. ಈ ನೋಟ್‌ಬುಕ್ ಮೇಜಿನ ಮೇಲೆ ಬಿಡಬೇಡಿ. ಮಕ್ಕಳ ಮನೆಯ ಕಷ್ಟ ಊರಿನ ಕಟ್ಟೆಯ ಮಾತಾಗಬಾರದು.

ಎರಡನೇ ಹೆಜ್ಜೆ: ಮೂರನೇ ದಿನ ಮನೆಗೆ ಹೋಗಿ

ನೋಟಿಸ್ ಕಳಿಸುವುದಕ್ಕೂ ಹೋಗಿ ಕೂರುವುದಕ್ಕೂ ಬಹಳ ವ್ಯತ್ಯಾಸವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾಲ್ಕನೇ ತರಗತಿಯ ಒಬ್ಬ ಹುಡುಗ ಹನ್ನೊಂದು ದಿನ ಬರಲಿಲ್ಲ. ನಾನು ನೋಟಿಸ್ ಬರೆದು ಪಕ್ಕದ ಮನೆಯ ಹುಡುಗನ ಕೈಯಲ್ಲಿ ಕಳಿಸಿದೆ. ಅಪ್ಪ ಹೆಬ್ಬೆಟ್ಟು ಒತ್ತಿ ವಾಪಸ್ ಕಳಿಸಿದ. ಅದರಲ್ಲಿ ಏನಿದೆ ಎಂದು ಓದಿ ಹೇಳುವವರು ಆ ಮನೆಯಲ್ಲಿ ಇರಲಿಲ್ಲ. ಪೊಲೀಸರು ಬರುತ್ತಾರೆ ಎಂದು ಹೆದರಿ ಹುಡುಗನನ್ನು ದೂರದ ಊರಿನ ಸೋದರಮಾವನ ಬಳಿ ಕುರಿ ಕಾಯಲು ಬಿಟ್ಟರಂತೆ. ಅವನು ಮತ್ತೆ ಬರಲೇ ಇಲ್ಲ. ಅಂದಿನಿಂದ ನಾನು ಮೊದಲು ಕಾಗದ ಕಳಿಸುವುದಿಲ್ಲ. ಮೂರನೇ ದಿನಕ್ಕೆ ನಾನೇ ಹೋಗುತ್ತೇನೆ.

ಹೋಗುವ ಹೊತ್ತು ಮುಖ್ಯ. ಹಗಲು ಹೋದರೆ ಬೀಗ. ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಹೋಗಿ. ತಾಯಿ ಒಲೆಯ ಮುಂದೆ ಕೂತಿರುತ್ತಾಳೆ, ಕೈ ಕೆಲಸ ಮಾಡುತ್ತಿರುತ್ತದೆ, ಮುಖ ನೋಡಿ ಮಾತಾಡುವ ಸಂಕೋಚ ಇರುವುದಿಲ್ಲ. ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಬೇಡಿ. ಕೂತುಕೊಳ್ಳಿ. ನೀರು ಕೊಟ್ಟರೆ ಕುಡಿಯಿರಿ. ಯಾರ ಮನೆಯಲ್ಲಿ ನೀರು ಕುಡಿದರು, ಯಾರ ಮನೆಯಲ್ಲಿ ಕುಡಿಯಲಿಲ್ಲ ಎಂದು ಊರು ಲೆಕ್ಕ ಇಡುತ್ತದೆ, ಮಗುವೂ ಇಡುತ್ತದೆ.

"ಯಾಕೆ ಕಳಿಸಿಲ್ಲ?" ಎಂದರೆ "ನಾಳೆ ಕಳಿಸ್ತೀನ್ರಿ" ಎಂಬ ಉತ್ತರ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ಬದಲು ಮಗುವಿನ ಒಂದು ಒಳ್ಳೆಯ ಮಾತಿನಿಂದ ಶುರು ಮಾಡಿ. "ಯವ್ವಾ, ನಿಮ್ಮ ಹುಡುಗಿ ಲೆಕ್ಕದಾಗ ಬಾಳ ಚುರುಕು. ಎರಡು ದಿನ ಆತು, ನನಗ ಕ್ಲಾಸು ಬಿಕೋ ಅನ್ನಾಕತ್ತೈತಿ." ಹೀಗೆ ಶುರು ಮಾಡಿದಾಗ ಒಬ್ಬ ತಾಯಿ ರೊಟ್ಟಿ ತಿರುವಿ ಹಾಕುತ್ತಾ ಹೇಳಿದಳು: "ನಾ ಹೊಲಕ್ಕ ಹೋದ್ರ ಈ ಕೂಸನ್ನ ಯಾರು ನೋಡ್ತಾರ್ರೀ ಅಕ್ಕೋರ?" ಅಲ್ಲಿಗೆ ನಿಜವಾದ ಕಾರಣ ಸಿಕ್ಕಿತು. ಆ ಮನೆಗೆ ಬೇಕಿದ್ದದ್ದು ಬುದ್ಧಿಮಾತಲ್ಲ, ಕೂಸಿಗೆ ಒಂದು ಜಾಗ.

ಮೂರನೇ ಹೆಜ್ಜೆ: ಕಾರಣಕ್ಕೆ ತಕ್ಕ ದಾರಿ

ಕೂಸು ನೋಡಿಕೊಳ್ಳುವ ಮಗು. ಹೆಚ್ಚಾಗಿ ಇವರು ಎರಡನೇ ತರಗತಿಯಿಂದ ಐದನೇ ತರಗತಿವರೆಗಿನ ಹುಡುಗಿಯರು. ಕೂಸಿಗೆ ಮೂರು ವರ್ಷ ತುಂಬಿದ್ದರೆ ಅಂಗನವಾಡಿ ಇದೆ. ಅದಕ್ಕಿಂತ ಚಿಕ್ಕದಾದರೆ ಗ್ರಾಮ ಪಂಚಾಯಿತಿಯಲ್ಲಿ "ಕೂಸಿನ ಮನೆ" ಇದೆಯೇ ಕೇಳಿ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿಯೇ ಅದನ್ನು ಮಾಡಿದ್ದಾರೆ. ಅದು ಇಲ್ಲದ ಊರಲ್ಲಿ ಓಣಿಯ ಒಬ್ಬ ಅಜ್ಜಿಯನ್ನು ಒಪ್ಪಿಸಿ. ನಾವು ಹಾಗೆ ಮಾಡಿದ್ದೇವೆ. ಅದೂ ಆಗದಿದ್ದರೆ ಕೂಸನ್ನು ಎತ್ತಿಕೊಂಡೇ ಬರಲಿ. ಮೂಲೆಯಲ್ಲಿ ಒಂದು ಚಾಪೆ ಹಾಸಿ. ಪಾಠಕ್ಕೆ ತೊಂದರೆ ಆಗುತ್ತದೆ, ಆದರೆ ಆ ಹುಡುಗಿ ಮನೆಯಲ್ಲಿ ಉಳಿಯುವುದಕ್ಕಿಂತ ಅದು ಎಷ್ಟೋ ವಾಸಿ.

ಹೊಲದ ಕೂಲಿಗೆ ಹೋಗುವ ಮಗು. ಬೆಳಗ್ಗೆ ಆರು ಏಳಕ್ಕೆ ಕೂಲಿಯವರನ್ನು ಒಯ್ಯುವ ಟಂಟಂ ಆಟೋ ಬಂದು ಓಣಿಯ ಬಾಯಲ್ಲಿ ನಿಲ್ಲುತ್ತದೆ. ಹೆಂಗಸರ ಜೊತೆ ಮಕ್ಕಳೂ ಹತ್ತುತ್ತಾರೆ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಸ್ವಂತ ಮನೆಯವರಿಗೆ ಕೈಜೋಡಿಸುವುದು ಬೇರೆ ಮಾತು. ಟಂಟಂ ಚಾಲಕರನ್ನೇ ಕರೆದು ಮಾತಾಡಿ. ಎಸ್‌ಡಿಎಂಸಿ ಅಧ್ಯಕ್ಷರು ಜೊತೆಗಿದ್ದರೆ ಇನ್ನೂ ಒಳ್ಳೆಯದು. "ಶಾಲೆ ಮಕ್ಕಳನ್ನು ಹತ್ತಿಸಬೇಡ್ರಿ" ಎಂದು ಊರವರೇ ಹೇಳಿದಾಗ ಬೇಗ ಕೇಳುತ್ತಾರೆ. ಒಪ್ಪದೆ ಮಕ್ಕಳನ್ನು ಒಯ್ಯುವುದು ನಡೆದೇ ಇದ್ದರೆ 1098ಕ್ಕೆ ಕರೆ ಮಾಡಿ. ಅದು ಮಕ್ಕಳ ಸಹಾಯವಾಣಿ, ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ.

ಗುಳೆ, ಅಂದರೆ ಕೆಲಸ ಹುಡುಕಿ ಮನೆಮಂದಿ ಊರು ಬಿಟ್ಟು ಹೋಗುವುದು. ನಮ್ಮ ಸೀಮೆಯ ದೊಡ್ಡ ಕಷ್ಟ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಂಗಾರು ಕೈಕೊಟ್ಟ ವರ್ಷ ದಸರಾ ಹೊತ್ತಿಗೆ ಮೇಸ್ತ್ರಿಗಳು ಊರಿಗೆ ಬಂದು ಮುಂಗಡ ಕೊಡುತ್ತಾರೆ. ದೀಪಾವಳಿ ದಾಟಿದ ಮೇಲೆ ಬೆಂಗಳೂರು, ಮಂಗಳೂರು, ಗೋವಾ ಕಡೆ ಬಸ್ಸುಗಳು ತುಂಬುತ್ತವೆ. ವಾಪಸ್ ಬರುವುದು ಯುಗಾದಿಗೋ, ಮಳೆಗೋ. ಬಸ್ಸು ಹತ್ತಿದ ಮೇಲೆ ನಮಗೆ ಗೊತ್ತಾದರೆ ಪ್ರಯೋಜನವಿಲ್ಲ. ಮುಂಗಡ ಪಡೆದ ಮನೆಗಳು ಯಾವುವು ಎಂದು ದಸರಾ ರಜೆ ಮುಗಿದ ಕೂಡಲೇ ತಿಳಿದುಕೊಳ್ಳಿ. ಕಿರಾಣಿ ಅಂಗಡಿಯವರಿಗೆ, ಆಶಾ ಕಾರ್ಯಕರ್ತೆಗೆ ಖಂಡಿತ ಗೊತ್ತಿರುತ್ತದೆ.

ಮಗುವನ್ನು ಊರಲ್ಲೇ ಉಳಿಸುವುದು ಮೊದಲ ಪ್ರಯತ್ನ. ಅಜ್ಜ ಅಜ್ಜಿ ಇದ್ದರೆ ಅವರ ಜೊತೆ ಮಾತಾಡಿ. ಅವರ ಚಿಂತೆ ಎರಡು: ರಾತ್ರಿ ಊಟ ಮತ್ತು ಕಾಯಿಲೆ. ಮಧ್ಯಾಹ್ನದ ಊಟ ಶಾಲೆಯಲ್ಲಿದೆ. ಪಡಿತರ ಚೀಟಿ ಯಾರ ಬಳಿ ಇರುತ್ತದೆ ಎಂಬುದನ್ನು ಹೋಗುವ ಮುನ್ನವೇ ತೀರ್ಮಾನ ಮಾಡಿಸಿ. ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದು, ಗುಳೆ ಹೋದವರ ಮಕ್ಕಳಿಗೆ ಆ ತಿಂಗಳುಗಳಲ್ಲಿ ನಡೆಸುವ ಋತುಮಾನ ವಸತಿ ಶಾಲೆ ಕೇಳಿ. ಒಂದೇ ಊರಿನಿಂದ ಬಹಳ ಮಕ್ಕಳಿದ್ದರೆ ಹೆಸರಿನ ಪಟ್ಟಿ ಮಾಡಿ, ಎಸ್‌ಡಿಎಂಸಿ ಸಹಿಯೊಂದಿಗೆ ನವೆಂಬರ್‌ಗಿಂತ ಮೊದಲೇ ಕೊಡಿ. ಬಾಯಿಮಾತಿನ ಬೇಡಿಕೆಗೆ ಉತ್ತರ ಬರುವುದಿಲ್ಲ, ಪಟ್ಟಿಗೆ ಬರುತ್ತದೆ.

ಮಗು ಹೋಗುವುದೇ ಖಚಿತವಾದರೆ ಬರಿಗೈಯಲ್ಲಿ ಕಳಿಸಬೇಡಿ. ನಾನು ಒಂದು ಪ್ಲಾಸ್ಟಿಕ್ ಕವರ್ ಮಾಡಿ ಕೊಡುತ್ತೇನೆ. ಅದರಲ್ಲಿ ಮಗುವಿನ ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ), ಆಧಾರ್ ಪ್ರತಿ, ಎಷ್ಟು ಓದು ಬರಹ ಬರುತ್ತದೆ ಎಂದು ನಾಲ್ಕು ಸಾಲು, ಶಾಲೆಯ ಮುದ್ರೆ, ನನ್ನ ಫೋನ್ ನಂಬರ್. ಜೊತೆಗೆ ಎರಡು ಪಠ್ಯಪುಸ್ತಕ, ಒಂದು ಕಥೆ ಪುಸ್ತಕ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ತಡವಾಯಿತೆಂದು, ವಯಸ್ಸಿನ ದಾಖಲೆ ಇಲ್ಲವೆಂದು, ವರ್ಷದ ಮಧ್ಯೆ ಬಂದರೆಂದು ಯಾವ ಸರ್ಕಾರಿ ಶಾಲೆಯೂ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಇದನ್ನು ತಂದೆ ತಾಯಿಗೆ ಎರಡು ಸಲ ಹೇಳಿ. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿರುವ ಅಪ್ಪನಿಗೆ ಅಲ್ಲಿನ ಶಾಲೆ ತನ್ನದೂ ಹೌದು ಅನ್ನಿಸುವುದೇ ಇಲ್ಲ. ತಲುಪಿದ ಮೇಲೆ ಒಂದು ಫೋನ್ ಮಾಡಿ, ಹತ್ತಿರದ ಶಾಲೆ ಎಲ್ಲಿದೆ ಎಂದು ಅವರಿಂದಲೇ ಕೇಳಿಸಿ ತಿಳಿದುಕೊಳ್ಳಿ. ಆದರೆ ಆ ಶಾಲೆಯ ಮುಖ್ಯ ಗುರುಗಳ ಜೊತೆ ನೀವೇ ಮಾತಾಡಿ.

ಅಪ್ಪ ಇಲ್ಲದ ಮಗು, ಅಪ್ಪನ ಹೆಸರಿಲ್ಲದ ಮಗು. ದೇವದಾಸಿ ಬಿಡುವ ಪದ್ಧತಿಯನ್ನು 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದ್ದಾರೆ. ಆದರೂ ನಮ್ಮ ಮೂರೂ ಜಿಲ್ಲೆಗಳಲ್ಲಿ ಆ ತಾಯಂದಿರ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಎಲ್ಲರ ಮುಂದೆ ಅರ್ಜಿ ತುಂಬಿಸುತ್ತಾ "ನಿಮ್ಮಪ್ಪನ ಹೆಸರೇನು?" ಎಂದು ದಯವಿಟ್ಟು ಕೇಳಬೇಡಿ. ಆ ಒಂದು ಪ್ರಶ್ನೆಗೆ ಮರುದಿನದಿಂದ ಬರುವುದನ್ನೇ ನಿಲ್ಲಿಸಿದ ಮಕ್ಕಳನ್ನು ಕಂಡಿದ್ದೇನೆ. ತಾಯಿಯನ್ನು ಒಬ್ಬಳನ್ನೇ ಕರೆದು ಕೂರಿಸಿ ತುಂಬಿಸಿ, ತಾಯಿಯ ಹೆಸರನ್ನೇ ಪೋಷಕರ ಹೆಸರಾಗಿ ಬರೆಯಿರಿ. ತಂದೆ ತೀರಿಕೊಂಡ, ತಾಯಿ ಒಬ್ಬಳೇ ಸಾಕುತ್ತಿರುವ ಮನೆಗೆ, ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ನೆರವು ಇದೆ, ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಿ ಮನೆಯ ವರ್ಷದ ಆದಾಯ 72,000 ರೂಪಾಯಿ ದಾಟಿರಬಾರದು. ಅರ್ಜಿ ಹೋಗುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಮೂರು ಸಲ ಓಡಾಡಲು ಆ ತಾಯಿಗೆ ಆಗುವುದಿಲ್ಲ. ಕಾಗದಗಳನ್ನು ಶಾಲೆಯಲ್ಲೇ ಜೋಡಿಸಿ ಒಂದೇ ಸಲಕ್ಕೆ ಮುಗಿಯುವಂತೆ ಮಾಡಿಕೊಡಿ.

ನಾಲ್ಕನೇ ಹೆಜ್ಜೆ: ಓದು ಕೈಗೆ ಹತ್ತಬೇಕು

ಇಷ್ಟೆಲ್ಲ ಮಾಡಿ ಕರೆತಂದ ಮಗುವಿಗೆ ತರಗತಿಯಲ್ಲಿ ಏನೂ ಅರ್ಥವಾಗದಿದ್ದರೆ ಅದು ಮತ್ತೆ ಹೋಗುತ್ತದೆ. ನಾಲ್ಕನೇ ತರಗತಿಯಲ್ಲಿ ಕೂತು ಒಂದು ಪದ ಓದಲು ಬರದ ಮಗುವಿಗೆ ದಿನಕ್ಕೆ ಆರು ಗಂಟೆ ಅವಮಾನ. ಇದನ್ನು ಸರಿಮಾಡುವುದು ನಮ್ಮ ಕೈಯಲ್ಲೇ ಇದೆ.

ಮೊದಲು ಪ್ರತಿ ಮಗುವನ್ನು ಎರಡೆರಡು ನಿಮಿಷ ಪಕ್ಕಕ್ಕೆ ಕರೆದು ಓದಿಸಿ. ಅಕ್ಷರ, ಪದ, ವಾಕ್ಯ, ಸಣ್ಣ ಕಥೆ, ಇವುಗಳಲ್ಲಿ ಎಲ್ಲಿ ನಿಲ್ಲುತ್ತದೆ ನೋಡಿ. ಮೂರು, ನಾಲ್ಕು, ಐದನೇ ತರಗತಿಯವರನ್ನು ದಿನಕ್ಕೆ ನಲವತ್ತು ನಿಮಿಷ ತರಗತಿ ಮರೆತು ಈ ಮಟ್ಟದ ಮೇಲೆ ಕೂರಿಸಿ. ಇಬ್ಬರೇ ಶಿಕ್ಷಕರಿದ್ದರೂ ಇದು ನಡೆಯುತ್ತದೆ: ಕಥೆ ಓದಬಲ್ಲವರು ತಾವೇ ಓದಿಕೊಳ್ಳುತ್ತಾರೆ, ನೀವು ಅಕ್ಷರ ಮತ್ತು ಪದದ ಗುಂಪಿನ ಜೊತೆ ಕೂರಿ.

ವರ್ಣಮಾಲೆಯನ್ನು ಅ ಆ ಇ ಈ ಎಂದು ಮೊದಲಿನಿಂದ ಬಾಯಿಪಾಠ ಮಾಡಿಸಬೇಡಿ. ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆ ಪದ್ಧತಿಯಾದ ನಲಿಕಲಿಯ ಕ್ರಮ ಇಲ್ಲಿ ಬಹಳ ಸಹಾಯ ಮಾಡುತ್ತದೆ: ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಈ ಹತ್ತು ಅಕ್ಷರ ಬಂದರೆ ಸಾಕು, ದನ, ಮರ, ಮಗ, ಜನ, ಅರಸ ಓದಬಹುದು. ಎರಡೇ ವಾರಕ್ಕೆ ಮಗು ಒಂದು ಪದ ಓದಿ ತಲೆ ಎತ್ತಿ ನೋಡುತ್ತದೆ. ಆ ನೋಟಕ್ಕಾಗಿಯೇ ನಾನು ಈ ಕೆಲಸದಲ್ಲಿದ್ದೇನೆ.

ಆಮೇಲೆ ಕಾಗುಣಿತ. ವಾರಕ್ಕೆ ಒಂದೇ ಗುಣಿತ. ಮೊದಲ ವಾರ ದೀರ್ಘ ಮಾತ್ರ: ಸರ, ಸಾರ. ಮರ, ಮಾರ. ಜೋಡಿಯಾಗಿ ಓದಿಸಿದರೆ ಕಿವಿಗೆ ವ್ಯತ್ಯಾಸ ಹತ್ತುತ್ತದೆ. ಹೆಚ್ಚಿನ ಮಕ್ಕಳು ನಿಂತುಬಿಡುವುದು ಒತ್ತಕ್ಷರದಲ್ಲಿ. ಅಲ್ಲಿ ನನಗೆ ಒಂದು ದಾರಿ ಸಿಕ್ಕಿದೆ. ಮಗುವಿನ ಮನೆಯವರನ್ನೆಲ್ಲ ಒಮ್ಮೆ ಕರೆಯಿರಿ: ಅವ್ವ, ಅಪ್ಪ, ಅಕ್ಕ, ಅಣ್ಣ, ಅಜ್ಜ. ಎಲ್ಲದರಲ್ಲೂ ಅದೇ ಅಕ್ಷರಕ್ಕೆ ಅದೇ ಒತ್ತು! ಈ ಐದು ಪದಗಳನ್ನು ಐದು ಚೀಟಿಯಲ್ಲಿ ಬರೆದು ಕೊಟ್ಟು "ನಿಮ್ಮ ಮನೆಯವರನ್ನ ಸಾಲಾಗಿ ನಿಲ್ಲಿಸು" ಎಂದರೆ ಮಗು ಆಟ ಎಂದುಕೊಳ್ಳುತ್ತದೆ. ಆಮೇಲೆ ರೊಟ್ಟಿ, ಬೆಲ್ಲ, ಎಣ್ಣೆ. ಬೇರೆ ಅಕ್ಷರದ ಒತ್ತು ಬರುವುದು ಇದೆಲ್ಲ ಆದ ಮೇಲೆ. ಅಪ್ಪ ಇಲ್ಲದ ಮನೆಯ ಮಗು ಆ ಚೀಟಿ ಪಕ್ಕಕ್ಕಿಟ್ಟರೆ ಇಟ್ಟುಕೊಳ್ಳಲಿ, ಕೇಳಬೇಡಿ.

ಬಸ್ಸಿನ ಬೋರ್ಡು ಕೂಡ ಒಳ್ಳೆಯ ಪಾಠ. ಕುಷ್ಟಗಿ, ಕೊಪ್ಪಳ, ಗಂಗಾವತಿ, ಸಿಂಧನೂರು ಎಂದು ರಟ್ಟಿನ ಮೇಲೆ ಬರೆದಿಟ್ಟರೆ ಗುಳೆ ಹೋಗಿ ಬಂದ ಮಕ್ಕಳು ಮೊದಲು ಗುರುತಿಸುತ್ತಾರೆ. ಅವರಿಗೆ ಗೊತ್ತಿರುವುದು ತರಗತಿಯಲ್ಲಿ ಬೇರೆಯವರಿಗೆ ಗೊತ್ತಿರುವುದಿಲ್ಲ ಎಂಬುದು ಅವರಿಗೆ ಧೈರ್ಯ ಕೊಡುತ್ತದೆ.

ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ, ಗಡಿ ಭಾಗದ ಮಗು ಮತ್ತು ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ಮಗು ತೆಲುಗು. ಅಂಥ ಮಗು ಸುಮ್ಮನಿದ್ದರೆ ದಡ್ಡ ಎಂದುಕೊಳ್ಳಬೇಡಿ. ಮೊದಲ ತಿಂಗಳು ಅವರ ಮಾತಿನಲ್ಲೇ ಹೇಳಲು ಬಿಡಿ, ನೀವೂ ಹತ್ತು ಪದ ಕಲಿಯಿರಿ. ಅವ್ವನಿಗೆ ಲಂಬಾಣಿಯಲ್ಲಿ "ಯಾಡಿ" ಅನ್ನುತ್ತಾರೆ. ಅದನ್ನು ಕನ್ನಡ ಅಕ್ಷರದಲ್ಲಿ ಹಲಗೆಯ ಮೇಲೆ ಬರೆದ ದಿನ ನಮ್ಮ ಒಂದನೇ ತರಗತಿಯ ಹುಡುಗಿ ಮೊದಲ ಸಲ ಎದ್ದು ಬಂದು ಸೀಮೆಸುಣ್ಣ ಕೇಳಿದಳು. ಕನ್ನಡದ ಮಗು "ಹೊಲಕ್ಕ ಹೋದೆ" ಎಂದು ಬರೆದರೂ ಕೆಂಪು ಗೀಟು ಹಾಕಬೇಡಿ. ಅದು ತಾನು ಆಡುವುದನ್ನು ಬರೆಯುತ್ತಿದೆ. "ಹೊಲಕ್ಕೆ" ಆಮೇಲೆ ಬರುತ್ತದೆ.

ಐದನೇ ಹೆಜ್ಜೆ: ಹೊಟ್ಟೆ, ಕಣ್ಣು, ಕಿವಿ

ಬಿಸಿಯೂಟ 2002ರಲ್ಲಿ ಕರ್ನಾಟಕದಲ್ಲಿ ಶುರುವಾದದ್ದೇ ನಮ್ಮ ಜಿಲ್ಲೆಗಳೂ ಸೇರಿದ ಈಶಾನ್ಯ ಭಾಗದಲ್ಲಿ. ಹಾಲು 2013ರಿಂದ ಇದೆ. ಮೊಟ್ಟೆ ಬಂದಿದೆ, ಬೇಡದವರಿಗೆ ಬಾಳೆಹಣ್ಣು. ಆದರೂ ಬೆಳಗ್ಗೆ ಏನೂ ತಿನ್ನದೆ ಬರುವ ಮಕ್ಕಳು ಇದ್ದಾರೆ. ಊಟದ ಹೊತ್ತಿಗೆ ಮಾತ್ರ ಬರುವ ಮಗುವನ್ನು ಬೈದು ಕಳಿಸಬೇಡಿ. ಅದನ್ನು ಶಾಲೆಗೆ ಕಟ್ಟಿಹಾಕಿರುವ ಒಂದೇ ದಾರ ಅದು. ಊಟ ಆದ ಮೇಲೆ ಅರ್ಧ ಗಂಟೆ ನಿಮ್ಮ ಪಕ್ಕ ಕೂರಿಸಿ ಓದಿಸಿ.

ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆಯನ್ನು ಊಟದ ನಂತರವೇ ಕೊಡಿ, ಎದುರಿಗೇ ನುಂಗಿಸಿ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಹೊಟ್ಟೆ ತೊಳಸುತ್ತದೆ, ಆಮೇಲೆ ಇಡೀ ಓಣಿ ಮಾತ್ರೆ ಬೇಡ ಅನ್ನುತ್ತದೆ. ಕಣ್ಣು ಪರೀಕ್ಷೆಗೆ ಡಾಕ್ಟರ್ ಬರುವವರೆಗೆ ಕಾಯಬೇಕಿಲ್ಲ. ಹಲಗೆಯ ಮೇಲೆ ಚಿತ್ರ ಬರೆದು, ಹಿಂದಿನ ಗೋಡೆಗೆ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಕೇಳಿ. ಬೆನ್ನ ಹಿಂದಿನಿಂದ ಮೆಲ್ಲಗೆ ಹೆಸರು ಕರೆದು ಕಿವಿ ನೋಡಿ. ಅನುಮಾನ ಬಂದವರ ಪಟ್ಟಿಯನ್ನು ಶಾಲಾ ಆರೋಗ್ಯ ತಪಾಸಣೆಗೆ ಬರುವ ತಂಡಕ್ಕೆ ಕೊಡಿ. ಅಂಗವಿಕಲ ಮಗುವಿದ್ದರೆ ತಾಲ್ಲೂಕಿನ ಬಿಐಇಆರ್‌ಟಿ ಶಿಕ್ಷಕರನ್ನು (ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು) ಕರೆಸಿ. ಅವರು ಬಂದು ನೋಡುವುದು ಆ ಮಗುವಿನ ಹಕ್ಕು.

ಆರನೇ ಹೆಜ್ಜೆ: ಮಗು ಹೇಳಿಕೊಳ್ಳಲಾಗದ ಕಷ್ಟ ಹೇಳಿದಾಗ

ಮೈಮೇಲೆ ಕೈ ಹಾಕಿದ್ದನ್ನು, ಹೊಡೆತವನ್ನು ಮಗು ಹೇಳಿಕೊಂಡರೆ ನಿಮ್ಮ ಮುಖ ಬದಲಾಗದಿರಲಿ. ಪೂರ್ತಿ ಕೇಳಿ. "ನೀ ಹೇಳಿದ್ದು ಒಳ್ಳೇದಾತು, ಇದರಾಗ ನಿನ್ನ ತಪ್ಪಿಲ್ಲ" ಎಂದು ಹೇಳಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಮತ್ತೆ ಮತ್ತೆ ಕೇಳಬೇಡಿ, ನಾಲ್ಕು ಜನರ ಮುಂದೆ ಹೇಳಿಸಬೇಡಿ. ಅದು ಹೇಳಿದ ಮಾತನ್ನೇ ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯಲ್ಲಿ, ಅಂಥದ್ದು ತಿಳಿದ ಮೇಲೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆ ಇದೆ. ಮಗುವಿನ ಹೇಳಿಕೆಯನ್ನು ಸಮವಸ್ತ್ರದಲ್ಲಿಲ್ಲದ ಅಧಿಕಾರಿ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಪಡೆಯಬೇಕು. ಊರ ಹಿರಿಯರು "ಪಂಚಾಯ್ತಿ ಮಾಡಿ ಮುಗಿಸೋಣ" ಅನ್ನುತ್ತಾರೆ. ಒಪ್ಪಬೇಡಿ.

ಆರು ಏಳನೇ ತರಗತಿಯ ಹುಡುಗಿಗೆ ಮದುವೆ ಮಾತು ನಡೆದಿದೆ ಎಂದು ಗೆಳತಿಯರಿಗೆ ಮೊದಲು ಗೊತ್ತಾಗುತ್ತದೆ. ಅವರು ನಿಮ್ಮ ಬಳಿ ಬಂದು ಹೇಳುವಷ್ಟು ಸಲಿಗೆ ಬೆಳೆಸಿಕೊಂಡಿರಿ. ಬಸವ ಜಯಂತಿ, ಊರ ಜಾತ್ರೆಯ ಹೊತ್ತಿನಲ್ಲಿ ಎಚ್ಚರ ಇನ್ನೂ ಜಾಸ್ತಿ ಬೇಕು. ಕರ್ನಾಟಕದಲ್ಲಿ ಬಾಲ್ಯವಿವಾಹ ಕಾನೂನಿನ ಲೆಕ್ಕದಲ್ಲಿ ಮದುವೆಯೇ ಅಲ್ಲ. ಕಾರ್ಡು ಅಚ್ಚಾಗುವ ಮೊದಲು ಮನೆಯವರ ಜೊತೆ ಮಾತಾಡಿ, ಕೇಳದಿದ್ದರೆ 1098. ಕರೆ ಮಾಡಿದವರ ಹೆಸರು ಹೊರಗೆ ಹೋಗಬಾರದು ಎಂದು ಅಲ್ಲೇ ಹೇಳಿ. ಆ ಹುಡುಗಿಯ ಓದಿಗೆ ಮುಂದಿನ ದಾರಿಯನ್ನೂ ಜೊತೆಗೇ ತೋರಿಸಿ: ಆರನೇ ತರಗತಿಯಿಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಇದೆ, ಮೊರಾರ್ಜಿ ವಸತಿ ಶಾಲೆ ಇದೆ. ಮೊರಾರ್ಜಿಗೆ ಪ್ರವೇಶ ಪರೀಕ್ಷೆ ಬರೆಯುವುದು ಐದನೇ ತರಗತಿಯಲ್ಲಿದ್ದಾಗ, ಹಾಗಾಗಿ ಐದನೇ ತರಗತಿಯ ಹುಡುಗಿಯರ ಅರ್ಜಿಯನ್ನು ಮನೆಯವರಿಗೆ ಬಿಡದೆ ಮೊದಲೇ ನೀವೇ ಹಾಕಿಸಿ.

ಏಳನೇ ಹೆಜ್ಜೆ: ಒಬ್ಬರೇ ಹೊರಬೇಡಿ

ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡ್, ಬಣ್ಣದ ಮಾತೇ ಮುಗಿಯುವುದಿಲ್ಲ. ಪ್ರತಿ ಸಭೆಯ ಮೊದಲ ಹತ್ತು ನಿಮಿಷ ಮಕ್ಕಳಿಗೆ ಇಡಿ. ಮನೆಯ ವಿವರ ಹೇಳದೆ "ಈ ತಿಂಗಳು ಐದು ಮಕ್ಕಳು ಜಾರುತ್ತಿದ್ದಾರೆ, ಯಾರು ಯಾವ ಮಗುವನ್ನು ನೋಡಿಕೊಳ್ಳುತ್ತೀರಿ?" ಎಂದು ಕೇಳಿ ಹಂಚಿ. ಓಣಿಯ ಸದಸ್ಯೆ ಬೆಳಗ್ಗೆ ಬಾಗಿಲು ಬಡಿದು "ಚೀಲ ತಗೊಂಡೇನ?" ಎಂದು ಕೇಳುವುದೇ ಎಷ್ಟೋ ಮಕ್ಕಳಿಗೆ ಸಾಕಾಗಿದೆ. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಶೌಚಾಲಯಕ್ಕೆ ನೀರು ಕೇಳಲಿ, ಅದನ್ನು ನಡಾವಳಿಯಲ್ಲಿ ಬರೆಸಿ.

ಮಗು ವಾಪಸ್ ಬಂದ ದಿನ

ಈ ದಿನಕ್ಕೆ ಮೊದಲೇ ಸಿದ್ಧರಾಗಿರಿ. ಅದರ ಜಾಗ ಬೇರೆಯವರಿಗೆ ಕೊಟ್ಟಿರಬಾರದು, ನೋಟ್‌ಬುಕ್ ಕಪಾಟಿನಲ್ಲಿ ಇರಬೇಕು. "ಓಹೋ, ಈಗ ಬಂದ್ಯಾ?" ಅನ್ನಬೇಡಿ, ಎಲ್ಲರ ಮುಂದೆ ಕಾರಣ ಕೇಳಬೇಡಿ. ಹಾಜರಿ ಕರೆಯುವಾಗ ಹೆಸರನ್ನು ಎಂದಿನಂತೆ ಕರೆಯಿರಿ. ಆ ದಿನ ಅದಕ್ಕೆ ಖಂಡಿತ ಬರುವ ಒಂದು ಕೆಲಸ ಕೊಡಿ: ಹಲಗೆ ಒರೆಸುವುದು, ಊಟಕ್ಕೆ ಗಂಟೆ ಹೊಡೆಯುವುದು, ಬಸ್ಸಿನ ಬೋರ್ಡು ಓದುವುದು. ಪಕ್ಕದಲ್ಲಿ ಸಲಿಗೆಯ ಗೆಳೆಯನೋ ಗೆಳತಿಯೋ ಇರಲಿ. ತಪ್ಪಿದ ಪಾಠವನ್ನು ಆ ವಾರ ಮುಟ್ಟಬೇಡಿ. ಊಟ ಆದ ಮೇಲೆ ಮನೆಗೆ ಒಂದು ಫೋನ್ ಮಾಡಿ. ಹುಡುಗಿ ಬಂದಿದ್ದಾಳೆ, ಉಂಡಿದ್ದಾಳೆ, ನಾಳೆಯೂ ಕಳಿಸಿ ಎಂದು ಹೇಳಿ.